ಬೆಂಡ್ ಪೈಪಿಗೆ ಶಾಖ ತಡೆಯುವ ಪೇಂಟ್: ಯಾವುದು ಹೊಡೆದರೆ ನಿಲ್ಲುತ್ತದೆ?

ಮಲೆನಾಡು ಬುಲೆಟ್

ಎಲ್ಲರಿಗೂ ನಮಸ್ಕಾರ. ನನ್ನದು ಎರಕದ ಕಬ್ಬಿಣದ ಇಂಜಿನ್ ಇರುವ ಹಳೇ ಬುಲೆಟ್ 350. ಊರು ತೀರ್ಥಹಳ್ಳಿ ಕಡೆ. ಇಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬೆಂಡ್ ಪೈಪಿನ ಕ್ರೋಮ್ ಇಂಜಿನ್ ಹತ್ತಿರ ಮೊದಲು ನೀಲಿಯಾಯಿತು, ಆಮೇಲೆ ಪದರ ಎದ್ದು ಬಂತು. ಕೆಳಗಿನ ಬಾಗಿನಲ್ಲಿ ತುಕ್ಕು. ಪೈಪ್ ಮಾತ್ರ ಗಟ್ಟಿಯಾಗಿಯೇ ಇದೆ, ಎಲ್ಲೂ ತೂತಾಗಿಲ್ಲ. ಎಸೆಯಲು ಮನಸ್ಸಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಒಂದು ಗ್ಯಾರೇಜಿನಲ್ಲಿ ಸಿಲ್ವರ್ ಪೇಂಟ್ ಹೊಡೆಸಿದೆ. 'ಹೀಟ್ ಪ್ರೂಫ್' ಅಂತ ಹೇಳಿಯೇ ಹೊಡೆದರು. ಮೊದಲ ದಿನ ಬರೀ ಹೊಗೆ, ಕೆಟ್ಟ ವಾಸನೆ. ವಾರ ಕಳೆಯೋದರೊಳಗೆ ಇಂಜಿನ್ ಪಕ್ಕದ ಒಂದು ಗೇಣು ಜಾಗದಲ್ಲಿ ಪುಡಿಪುಡಿಯಾಗಿ ಉದುರಿಹೋಯಿತು. ವಿಚಿತ್ರ ಏನೆಂದರೆ, ಸೈಲೆನ್ಸರ್ ಸೇರುವ ಕಡೆ ಅದೇ ಪೇಂಟ್ ಇನ್ನೂ ನಿಂತಿದೆ.

ಸ್ಪ್ರೇ ಡಬ್ಬಿ ಸಾಕಾ, ಬಾಯ್ಲರಿಗೆ ಹೊಡೆಯುವ ಪೇಂಟ್ ತರಬೇಕಾ, ಇಲ್ಲ ಸೆರಾಮಿಕ್ ಕೋಟಿಂಗ್ ಮಾಡಿಸಬೇಕಾ? ನಮ್ಮ ಮಳೆ ನಿಮಗೆ ಗೊತ್ತೇ ಇದೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಪೀಣ್ಯ ಕೋಟಿಂಗ್

ನಾನು ಕೈಗಾರಿಕಾ ಪೇಂಟಿಂಗ್ ಕೆಲಸದವನು. ಬಾಯ್ಲರ್ ಚಿಮಣಿ, ಬಿಸಿಗಾಳಿ ಡಕ್ಟ್ ಇವೇ ನಮ್ಮ ದಿನದ ಕೆಲಸ. ಮೊದಲು ನಿಮ್ಮದು ಯಾಕೆ ಉದುರಿತು ಅಂತ ನೋಡೋಣ.

ಮಾಮೂಲಿ ಎನಾಮೆಲ್‌ನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡೋದು ಎಣ್ಣೆಯಿಂದ ಮಾಡಿದ ರಾಳ. 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಅದು ಕಂದಲು ಶುರುವಾಗುತ್ತದೆ. ಏರ್ ಕೂಲ್ಡ್ ಸಿಂಗಲ್ ಸಿಲಿಂಡರ್ ಬೈಕಿನ ಬೆಂಡ್ ಪೈಪ್ ಪೋರ್ಟ್ (ಇಂಜಿನ್ನಿನಿಂದ ಹೊಗೆ ಹೊರಬೀಳುವ ಬಾಯಿ) ಹತ್ತಿರ ಹೊರಮೈಯಲ್ಲೇ 300ರಿಂದ 400 ಡಿಗ್ರಿ ಮುಟ್ಟೋದು ಸಾಮಾನ್ಯ. ಸೈಲೆನ್ಸರ್ ಕಡೆ ಬಂದಂತೆ ಶಾಖ ಇಳಿಯುತ್ತದೆ. ಅದಕ್ಕೇ ನಿಮ್ಮದು ಮೇಲೆ ಉದುರಿ, ಕೆಳಗೆ ನಿಂತಿದೆ.

ಸಿಲಿಕೋನ್ ರಾಳದ ಜಾತಿಯೇ ಬೇರೆ. ಅದರ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಕೊಂಡಿ. ಜಾಸ್ತಿ ಶಾಖಕ್ಕೆ ಅದರಲ್ಲಿರುವ ಇಂಗಾಲದ ಭಾಗ ಸುಟ್ಟುಹೋದರೂ ಸಿಲಿಕಾದ ಜಾಲ ಉಳಿಯುತ್ತದೆ. ಅಲ್ಯೂಮಿನಿಯಂ ಚೂರುಗಳನ್ನು ಲೋಹಕ್ಕೆ ಕಚ್ಚಿಸಿ ಇಡೋದು ಅದೇ ಜಾಲ. ಮೊದಲ ಸಲ ಕಾಯಿಸಿದಾಗ ಹೊಗೆ ಬರೋದೂ ಅದಕ್ಕೇ. ಅಷ್ಟಕ್ಕೆ ಹೆದರಬೇಡಿ.

'ಹೀಟ್ ಪ್ರೂಫ್' ಅನ್ನೋ ಮಾತೊಂದನ್ನೇ ನಂಬಬೇಡಿ. ಶಾಖ ತಡೆಯುವ ಅಲ್ಯೂಮಿನಿಯಂ ಪೇಂಟಿಗೆ ನಮ್ಮಲ್ಲಿ ಐಎಸ್ 13183 ಅಂತ ಮಾನಕ ಇದೆ. ಅದರಲ್ಲಿ ಮೂರು ಗ್ರೇಡ್. ಒಂದನೆಯದು 600 ಡಿಗ್ರಿವರೆಗೆ, ಎರಡನೆಯದು 400, ಮೂರನೆಯದು 200. ಮೂರನ್ನೂ ಅಂಗಡಿಯಲ್ಲಿ ಎಚ್‌ಆರ್ (ಹೀಟ್ ರೆಸಿಸ್ಟೆಂಟ್, ಅಂದರೆ ಶಾಖ ತಡೆಯುವ) ಅಲ್ಯೂಮಿನಿಯಂ ಅಂತಲೇ ಕೊಡುತ್ತಾರೆ. ನಿಮ್ಮ ಗ್ಯಾರೇಜಿನವರು ಸುಳ್ಳು ಹೇಳಿಲ್ಲದೆಯೂ ಇರಬಹುದು. 200 ಡಿಗ್ರಿಯದ್ದು ಹೊಡೆದಿದ್ದರೆ ಇದೇ ಗತಿ. ಡಬ್ಬಿ ಮೇಲೆ ಡಿಗ್ರಿ ಓದಿ ತನ್ನಿ. ಬೆಂಡ್ ಪೈಪಿಗೆ 600ಕ್ಕಿಂತ ಕಡಿಮೆಯದ್ದು ಬೇಡ.

ಆದರೆ ಅಸಲಿ ವಿಷಯ ಪೇಂಟ್ ಅಲ್ಲ. ಕೆಳಗಿನ ಲೋಹ ತಯಾರಾಗಿದೆಯೇ, ಹೊಡೆದ ಮೇಲೆ ಸರಿಯಾಗಿ ಕಾಯಿಸಿದಿರಾ, ಈ ಎರಡರಲ್ಲೇ ಎಲ್ಲ ಇರೋದು. ಅತಿ ದುಬಾರಿ ಡಬ್ಬಿಯೂ ತುಕ್ಕಿನ ಮೇಲೆ ನಿಲ್ಲಲ್ಲ.

ಆರ್‌ಎಕ್ಸ್ ಅಭಿಮಾನಿ

ತುಕ್ಕಿನ ಮೇಲೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರಾವಣ) ಹಚ್ಚಿ, ರೆಡ್ ಆಕ್ಸೈಡ್ ಪ್ರೈಮರ್ ಕೊಟ್ಟು, ಮೇಲೆ ಇದನ್ನು ಹೊಡೆದರೆ ಆಗಲ್ವಾ? ಗೇಟಿಗೆ ಹಾಗೇ ಮಾಡುತ್ತೇವಲ್ಲ.

ಪೀಣ್ಯ ಕೋಟಿಂಗ್

ಆಗಲ್ಲ. ಗೇಟು 400 ಡಿಗ್ರಿ ಕಾಯೋದಿಲ್ಲ. ರೆಡ್ ಆಕ್ಸೈಡ್ ಪ್ರೈಮರಿನ ರಾಳವೂ ಅದೇ ಎಣ್ಣೆ ಜಾತಿಯದ್ದು. ಕೆಳಗಿನ ಪದರ ಸುಟ್ಟರೆ ಮೇಲಿನದು ಎಷ್ಟೇ ಒಳ್ಳೆಯದಿದ್ದರೂ ಜೊತೆಗೇ ಬೀಳುತ್ತದೆ. ಕನ್ವರ್ಟರಿನ ಪದರವೂ ಆ ಶಾಖಕ್ಕೆ ಒಡೆಯುತ್ತದೆ. ಪುಟ್ಟಿ ಹಾಕಿ ಗುಳಿ ಮುಚ್ಚೋದಂತೂ ಬೇಡವೇ ಬೇಡ. ಇನ್ನು ಕೋಲ್ಡ್ ಗ್ಯಾಲ್ವನೈಸಿಂಗ್ ಅಂತ ಮಾರುವ ಸತುವಿನ ಸ್ಪ್ರೇ. ಸತು ಕರಗೋದೇ 420 ಡಿಗ್ರಿ ಹತ್ತಿರ. ಅದೂ ಇಲ್ಲಿಗೆ ಸಲ್ಲದು.

ಬರಿ ಲೋಹ, ಅದರ ಮೇಲೆ ನೇರವಾಗಿ ಸಿಲಿಕೋನ್ ಪೇಂಟ್. ಪ್ರೈಮರ್ ಬೇಕೇ ಬೇಕು ಅನ್ನಿಸಿದರೆ ಅದೇ ಕಂಪನಿಯ, ಅಷ್ಟೇ ಡಿಗ್ರಿಯ ಪ್ರೈಮರ್ ಮಾತ್ರ.

ಹುಬ್ಬಳ್ಳಿ ಮೇಸ್ತ್ರಿ

ಪೇಂಟಿನ ಮಾತು ಆಮೇಲೆ. ಪೈಪ್ ಅಷ್ಟೊಂದು ನೀಲಿ ಯಾಕಾಯಿತು ಅಂತ ಯಾರೂ ಕೇಳಲೇ ಇಲ್ಲ.

ಪೋರ್ಟ್ ಪಕ್ಕ ಸ್ವಲ್ಪ ಹಳದಿ, ಸ್ವಲ್ಪ ನೀಲಿ ಬರೋದು ಸಹಜ. ಮಾಮೂಲಿ ಉಕ್ಕು 220 ಡಿಗ್ರಿಗೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ಕ್ಕೆ ನೀಲಿ. ಆದರೆ ಬಾಗು ದಾಟಿ ಕೆಳಗಿನವರೆಗೂ ನೀಲಿ ಹರಡಿದೆ, ಕ್ರೋಮ್ ಎದ್ದಿದೆ ಅಂದರೆ ಇಂಜಿನ್ ಬೇಕಾದ್ದಕ್ಕಿಂತ ಜಾಸ್ತಿ ಶಾಖ ಹೊರಗೆ ಉಗುಳುತ್ತಿದೆ ಅಂತ ಅರ್ಥ.

ಹಳೇ ಬುಲೆಟ್‌ನಲ್ಲಿ ನಾನು ಮೊದಲು ನೋಡೋದು ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು. ಪಾಯಿಂಟ್ (ಕಿಡಿಯ ಹೊತ್ತನ್ನು ನಿಯಂತ್ರಿಸುವ ಸ್ವಿಚ್) ಸವೆದು ಕಿಡಿ ತಡವಾಗಿ ಬಿದ್ದರೆ ಪೆಟ್ರೋಲ್ ಇನ್ನೂ ಉರಿಯುತ್ತಿರುವಾಗಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಉರಿಯ ಬಾಕಿ ಶಾಖವೆಲ್ಲ ಪೈಪಿಗೇ. ಎರಡನೆಯದು ಕಾರ್ಬುರೇಟರ್. ಮಿಶ್ರಣ ತೆಳುವಾಗಿದ್ದರೂ (ಗಾಳಿಗೆ ಪೆಟ್ರೋಲ್ ಕಡಿಮೆಯಾದರೂ) ಪೈಪ್ ಕಾಯುತ್ತದೆ. ಕಾರ್ಬುರೇಟರ್ ಮತ್ತು ಹೆಡ್ ನಡುವಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆಯಾ ನೋಡಿ. ಫ್ರೀ ಫ್ಲೋ (ಹೊಗೆಯನ್ನು ಕಡಿಮೆ ತಡೆಯುವ) ಸೈಲೆನ್ಸರ್ ಹಾಕಿ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಬದಲಿಸದೆ ಬಿಟ್ಟವರದ್ದೂ ಇದೇ ಕಥೆ. ಮೂರನೆಯದು, ಬೆಂಡ್ ಪೈಪ್ ಹೆಡ್ಡಿಗೆ ಕೂರುವ ಜಾಗದ ಸೀಲ್. ಅಲ್ಲಿ ಸೋರಿದರೆ ಥ್ರಾಟಲ್ ಬಿಟ್ಟಾಗ ಪಟಪಟ ಸದ್ದು ಬರುತ್ತದೆ.

ಇನ್ನೊಂದು ಪರೀಕ್ಷೆ. ಸಂಜೆ ಕತ್ತಲಲ್ಲಿ ಒಂದು ಲಾಂಗ್ ರೈಡ್ ಮುಗಿಸಿ ನಿಲ್ಲಿಸಿದ ತಕ್ಷಣ ಪೈಪ್ ನೋಡಿ. ಮಂಕು ಕೆಂಪು ಕಂಡರೆ ಅಲ್ಲಿ 525 ಡಿಗ್ರಿ ದಾಟಿದೆ. ಯಾವ ಲೋಹವೇ ಆಗಲಿ, ಕಣ್ಣಿಗೆ ಕೆಂಪು ಕಾಣಲು ಶುರುವಾಗೋದು ಸುಮಾರು ಆ ಶಾಖದಲ್ಲೇ. ಹಾಗೆ ಕಂಡರೆ ಪೇಂಟ್ ತರಲು ಅಂಗಡಿಗೆ ಹೋಗಬೇಡಿ, ಮೆಕ್ಯಾನಿಕ್ ಹತ್ತಿರ ಹೋಗಿ. ವಾಲ್ವ್ ಸುಟ್ಟುಹೋಗುವ ಮುಂಚೆ.

ಮಲೆನಾಡು ಬುಲೆಟ್

ಥ್ರಾಟಲ್ ಬಿಟ್ಟಾಗ ಪಟಪಟ ಸದ್ದು ಬರುತ್ತದೆ. ಬುಲೆಟ್ ಅಂದರೆ ಹಾಗೇ ಇರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಟೈಮಿಂಗ್, ಸೀಲ್ ಎರಡೂ ನೋಡಿಸುತ್ತೇನೆ.

ಆರ್‌ಎಕ್ಸ್ ಅಭಿಮಾನಿ

ಕ್ರೋಮ್ ಇನ್ನೂ ಅರ್ಧ ಉಳಿದಿದ್ದರೆ ಅದರ ಮೇಲೇ ಹೊಡೆಯಬಹುದಾ? ನನ್ನ ಆರ್‌ಎಕ್ಸ್ 100ರದ್ದೂ ಇದೇ ಸ್ಥಿತಿ.

ಪೀಣ್ಯ ಕೋಟಿಂಗ್

ನುಣುಪು ಕ್ರೋಮ್ ಮೇಲೆ ಯಾವ ಪೇಂಟಿಗೂ ಹಿಡಿತ ಸಿಗೋದಿಲ್ಲ. ಎದ್ದಿರುವ ಅಂಚು ಎಲ್ಲಿದೆಯೋ ಅಲ್ಲಿಂದಲೇ ಮತ್ತೆ ಏಳುತ್ತದೆ. ಬ್ಲಾಸ್ಟಿಂಗ್, ಅಂದರೆ ಗಟ್ಟಿ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಮೈ ಕೆರೆಸೋದೇ ದಾರಿ. 'ಎಸ್‌ಎ ಎರಡೂವರೆ' ಅಂತ ಕೇಳಿ, ಅದು ಚೊಕ್ಕಟದ ದರ್ಜೆ, ಬ್ಲಾಸ್ಟಿಂಗ್ ಅಂಗಡಿಯವರಿಗೆ ಅರ್ಥವಾಗುತ್ತದೆ. ತುಕ್ಕು, ಹಳೇ ಪದರ ಎಲ್ಲ ಹೋಗಿ ಬೂದು ಲೋಹ ಬರಬೇಕು, ಕೈಯಾಡಿಸಿದರೆ ಒರಟು ಹತ್ತಬೇಕು. ಆ ಒರಟಿನಲ್ಲೇ ಪೇಂಟ್ ಕಚ್ಚಿಕೊಳ್ಳೋದು.

ಮನೆಯಲ್ಲೇ ಮಾಡುವವರು ಡ್ರಿಲ್ಲಿಗೆ ವೈರ್ ಬ್ರಷ್ ಹಾಕಿ, ಆಮೇಲೆ 80 ನಂಬರಿನ ಎಮರಿ, ಕೊನೆಗೆ 120. ಬರೀ ವೈರ್ ಬ್ರಷ್‌ಗೆ ನಿಲ್ಲಿಸಬೇಡಿ. ಅದು ತುಕ್ಕನ್ನು ತಿಕ್ಕಿ ಹೊಳಪು ಮಾಡುತ್ತದೆ, ತೆಗೆಯೋದಿಲ್ಲ.

ಒಂದು ಎಚ್ಚರಿಕೆ ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಕ್ರೋಮ್ ಕೆಳಗೆ ನಿಕ್ಕಲ್ ಪದರ ಇರುತ್ತದೆ. ಆ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಟ್ಟೆ ಕಟ್ಟಿಕೊಂಡರೆ ಸಾಲದು, ದೂಳಿಗೆ ಅಂತಲೇ ಮಾಡಿದ ಮಾಸ್ಕ್ ಬೇಕು. ಇನ್ನು ಹೊಳೆ ಮರಳಲ್ಲಿ ಬ್ಲಾಸ್ಟಿಂಗ್ ಮಾಡುವ ಕಡೆ ಕೆಲಸ ಕೊಡಬೇಡಿ. ಮರಳಿನ ಸಿಲಿಕಾ ದೂಳಿನಿಂದ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆ ಅಲ್ಲ. ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಗಾರ್ನೆಟ್ ಬಳಸುವವರನ್ನು ಹುಡುಕಿ. ನಾಲ್ಕು ಕಾಸು ಜಾಸ್ತಿಯಾದರೂ ಪರವಾಗಿಲ್ಲ, ಅಲ್ಲಿ ನಿಂತು ದುಡಿಯುವ ಹುಡುಗರ ಎದೆ ಮುಖ್ಯ.

ಮೈಸೂರು ಯೆಜ್ಡಿ

ಒಂದು ಮಾತು ಸೇರಿಸಲಾ? ಎಲ್ಲ ಪೈಪಿಗೂ ಪೇಂಟ್ ಹೊಡೆಯುವ ಮುಂಚೆ ಸ್ವಲ್ಪ ಯೋಚಿಸಿ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿತು. ಆ ಜಾವಾ, ಯೆಜ್ಡಿ ಗಾಡಿಗಳ ಚಂದವೇ ಎರಡೂ ಬದಿಯ ಕ್ರೋಮ್ ಪೈಪು. ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಸಾಲಾಗಿ ನಿಂತಾಗ ಕಪ್ಪು ಪೈಪಿನ ಯೆಜ್ಡಿ ನೋಡಿದರೆ ನನಗೆ ಸಂಕಟವಾಗುತ್ತದೆ. ಪೈಪ್ ಗಟ್ಟಿ ಇದ್ದರೆ ಹಳೇ ಕ್ರೋಮ್ ತೆಗೆಸಿ, ಪಾಲಿಶ್ ಮಾಡಿಸಿ, ನಿಕ್ಕಲ್ ಮೇಲೆ ಮತ್ತೆ ಕ್ರೋಮ್ ಹಾಕಿಸಿ. ಖರ್ಚು ಇದೆ, ಒಪ್ಪುತ್ತೇನೆ.

ಟೂ ಸ್ಟ್ರೋಕ್‌ನವರಿಗೆ ಇನ್ನೊಂದು ತಾಪತ್ರಯ. ಪೋರ್ಟಿನ ರಿಂಗ್ ನಟ್ ಸಡಿಲವಾದರೆ ಕಪ್ಪು ಎಣ್ಣೆ ಒಸರುತ್ತದೆ. ಎಣ್ಣೆ ನೆಕ್ಕಿದ ಜಾಗದಲ್ಲಿ ಯಾವ ಪೇಂಟೂ ನಿಲ್ಲಲ್ಲ. ಮೊದಲು ಸೀಲ್ ಬದಲಿಸಿ, ನಟ್ ಸರಿಯಾದ ಸ್ಪ್ಯಾನರಿನಲ್ಲೇ ಬಿಗಿ ಮಾಡಿ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಅದರ ರೆಕ್ಕೆ ಮುರಿಯಬೇಡಿ.

ಕುಡ್ಲ ರೈಡರ್

ಕಡಲ ತೀರದವರ ಅನುಭವ ಬೇರೆ. ಮಂಗಳೂರಿನಲ್ಲಿ ಉಪ್ಪುಗಾಳಿ, ಮೇಲಿಂದ ನಾಲ್ಕು ತಿಂಗಳು ಮಳೆ. ಶಾಖ ತಡೆಯುವ ಪೇಂಟ್ ಶಾಖವನ್ನೇನೋ ತಡೆಯುತ್ತದೆ. ತುಕ್ಕನ್ನು ಅಷ್ಟಾಗಿ ತಡೆಯೋದಿಲ್ಲ. ಇದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ಪದರ ತೀರಾ ತೆಳು, ಅದರಲ್ಲಿ ಕಣ್ಣಿಗೆ ಕಾಣದ ರಂಧ್ರ. ಗಾಡಿ ಓಡಿಸುತ್ತಿದ್ದರೆ ಶಾಖಕ್ಕೆ ನೀರು ಆರುತ್ತದೆ. ಜೂನ್‌ನಲ್ಲಿ ಮೂಲೆಯಲ್ಲಿ ನಿಲ್ಲಿಸಿ ಆಗಸ್ಟ್‌ನಲ್ಲಿ ತೆಗೆದರೆ ಪೇಂಟಿನ ಕೆಳಗಿಂದಲೇ ಕಂದು ಚುಕ್ಕೆ ಎದ್ದಿರುತ್ತದೆ.

ಹಾಗಾಗಿ ನಾನು ಸೆರಾಮಿಕ್ ಕಡೆ ವಾಲಿದೆ. ಸೆರಾಕೋಟ್ ಥರದ ತೆಳು ಕೋಟಿಂಗ್ ಅದು, ಎಕ್ಸಾಸ್ಟಿಗೆ ಅಂತಲೇ ಮಾಡಿದ ಬಗೆ 980 ಡಿಗ್ರಿವರೆಗೆ ತಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ಅದಕ್ಕೂ ಬ್ಲಾಸ್ಟಿಂಗ್ ಕಡ್ಡಾಯ. ಗಾಳಿಯಲ್ಲೇ ಒಣಗುವ ಬಗೆಯಾದರೆ ಪೂರ್ತಿ ಗಟ್ಟಿಯಾಗಲು 5 ದಿನ ಬಿಡಬೇಕು. ನನ್ನ ಪೈಪ್ ಎರಡು ಮಳೆಗಾಲ ತಡೆದಿದೆ. ಪೋರ್ಟ್ ಪಕ್ಕ ಬಣ್ಣ ಸ್ವಲ್ಪ ಮಂಕಾಗಿದೆ ಅಷ್ಟೇ.

ಆದರೂ ಉಪ್ಪುಗಾಳಿಗೆ ನಿಜವಾದ ಉತ್ತರ 304 ಗ್ರೇಡಿನ ಸ್ಟೇನ್‌ಲೆಸ್ ಪೈಪ್. ಕಂಪನಿಯಿಂದ ಬರುವ ಬಹಳಷ್ಟು ಎಕ್ಸಾಸ್ಟ್ ಸ್ಟೇನ್‌ಲೆಸ್ ಅಂತ ಹೇಳಿದರೂ 409 ಗ್ರೇಡ್ ಆಗಿರುತ್ತದೆ. ಅದರಲ್ಲಿ ಕ್ರೋಮಿಯಂ ಶೇಕಡಾ 11ರಷ್ಟು ಮಾತ್ರ. ಮೇಲ್ಮೈ ಕಂದಾಗುತ್ತದೆ, ಆದರೆ ಬೇಗ ತೂತಾಗಲ್ಲ. ಆಯಸ್ಕಾಂತ ಇಟ್ಟು ನೋಡಿ. 409ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟೋದೇ ಕಡಿಮೆ.

ಸಿರಸಿ ಸ್ಕ್ರ್ಯಾಂಬ್ಲರ್

ಪೇಂಟ್ ಗೀಂಟ್ ಯಾಕೆ, ಶಾಖ ತಡೆಯುವ ಬಟ್ಟೆಯಂಥ ಪಟ್ಟಿ, ಎಕ್ಸಾಸ್ಟ್ ರ‍್ಯಾಪ್ ಸುತ್ತಿಬಿಟ್ಟರೆ ತುಕ್ಕೂ ಕಾಣಲ್ಲ, ಕಾಲೂ ಸುಡಲ್ಲ. ನೋಡೋಕೂ ಚೆನ್ನಾಗಿರುತ್ತದೆ.

ಹುಬ್ಬಳ್ಳಿ ಮೇಸ್ತ್ರಿ

ಸಿರಸಿಯ ಮಳೆಯಲ್ಲಿ ಅದು ಬೇಡ. ಆ ಪಟ್ಟಿ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ಪೈಪ್ ಮೊದಲಿಗಿಂತ ಜಾಸ್ತಿ ಕಾಯುತ್ತದೆ, ಮೇಲೆ ಒದ್ದೆ ಬಟ್ಟೆ ಕಟ್ಟಿದಂತೆ ತೇವ. ಮಾಮೂಲಿ ಉಕ್ಕಿನ ಪೈಪ್ ಸುತ್ತಿದ ಪಟ್ಟಿಯ ಒಳಗೇ ಕೊಳೆಯುತ್ತದೆ. ಬಿಚ್ಚಿದಾಗ ಚೂರುಚೂರಾಗಿ ಬಂದದ್ದನ್ನು ನೋಡಿದ್ದೇನೆ. ಸುತ್ತಲೇಬೇಕಾದರೆ ಸ್ಟೇನ್‌ಲೆಸ್ ಪೈಪಿಗೆ ಸುತ್ತಿ.

ತುಕ್ಕು ಒಳಗಿಂದಲೂ ಬರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ, ಇಷ್ಟೇ ಓಡಾಟವಾದರೆ ಪೈಪ್ ಪೂರ್ತಿ ಕಾಯೋದೇ ಇಲ್ಲ. ಆ ನೀರು ಒಳಗೇ ನಿಲ್ಲುತ್ತದೆ. ಹೊರಗೆ ಎಂಥ ಕೋಟಿಂಗ್ ಇದ್ದರೂ ಅದಕ್ಕೆ ಮದ್ದಲ್ಲ. ಸೈಲೆನ್ಸರಿನ ಕೆಳಗೆ ಸಣ್ಣ ತೂತು ಇದ್ದರೆ ಮುಚ್ಚಬೇಡಿ, ಅದು ನೀರು ಹೋಗಲೆಂದೇ ಬಿಟ್ಟದ್ದು.

ಬಿಎಸ್ ಆರು ಸವಾರ

ನನ್ನದು ಹೊಸ ಗಾಡಿ, 2021ರದ್ದು. ಬೆಂಡ್ ಪೈಪ್ ಒಂದೇ ವರ್ಷಕ್ಕೆ ಕಂದಾಯಿತು. ನಾನೂ ಇದೇ ರೀತಿ ಮಾಡಬಹುದಾ?

ಪೀಣ್ಯ ಕೋಟಿಂಗ್

ಮಾಡಬಹುದು, ಆದರೆ ಎರಡು ಜಾಗ ಕಾಪಾಡಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 (ಹೊಗೆ ಮಾಲಿನ್ಯದ ಮಾನಕ) ಗಾಡಿಗಳಲ್ಲಿ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಅದನ್ನು ಬಿಚ್ಚಿ ತೆಗೆದಿಡಿ, ಅದರ ತೂತಿಗೆ ಮರೆ ಕೊಡಿ. ಸಿಲಿಕೋನ್ ಆವಿ ಪೈಪಿನ ಒಳಗಿಂದ ಅದರ ಮೂತಿಗೆ ತಾಗಿದರೆ ಸೆನ್ಸರ್ ಹಾಳು. ಅದಕ್ಕೇ ಪೈಪಿನ ಒಳಗೆ ಪೇಂಟ್ ಹೋಗಬಾರದು, ಜಾಯಿಂಟಿಗೆ ಮಾಮೂಲಿ ಸಿಲಿಕೋನ್ ಸೀಲಂಟ್ ಬಳಿಯಲೂಬಾರದು. ಬ್ಲಾಸ್ಟಿಂಗ್ ಮಾಡಿಸುವಾಗ ಪೈಪಿನ ಎರಡೂ ಬಾಯಿ ಮುಚ್ಚಿಸಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಆ ಪುಡಿ ಹೊಕ್ಕರೆ ತೆಗೆಯೋದು ಕಷ್ಟ. ವಾರಂಟಿ ಇನ್ನೂ ಇದ್ದರೆ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಮಲೆನಾಡು ಬುಲೆಟ್

ನನಗೆ ಈಗ ಸ್ಪಷ್ಟವಾಗುತ್ತಿದೆ. ಟೈಮಿಂಗ್ ನಿಜವಾಗಿಯೂ ತಡವಾಗಿತ್ತು, ಪಾಯಿಂಟ್ ಬದಲಿಸಿ ಸರಿ ಮಾಡಿಸಿದೆ. ಸೀಲೂ ಹೊಸದು. ಪಟಪಟ ಸದ್ದು ನಿಂತಿದೆ, ಮೇಸ್ತ್ರಿಗಳಿಗೆ ದೊಡ್ಡ ನಮಸ್ಕಾರ. ಪೈಪ್ ಶಿವಮೊಗ್ಗದಲ್ಲಿ ಬ್ಲಾಸ್ಟಿಂಗಿಗೆ ಕೊಡುತ್ತೇನೆ. ಸೆರಾಮಿಕ್ ಮಾಡುವವರು ಹತ್ತಿರದಲ್ಲಿಲ್ಲ. 600 ಡಿಗ್ರಿಯ ಮ್ಯಾಟ್ ಕಪ್ಪು ಸ್ಪ್ರೇ ಸಿಕ್ಕಿದೆ. ಹೊಡೆಯೋದು, ಕಾಯಿಸೋದು ಹೇಗೆ ಅಂತ ಒಮ್ಮೆ ವಿವರವಾಗಿ ಹೇಳುತ್ತೀರಾ? ಕಪ್ಪು ಬಣ್ಣಕ್ಕೆ ಇಂಜಿನ್ ಜಾಸ್ತಿ ಬಿಸಿಯಾಗಲ್ವಾ ಅಂತಲೂ ಒಂದು ಅನುಮಾನ.

ಪೀಣ್ಯ ಕೋಟಿಂಗ್

ಕಪ್ಪಿನ ಅನುಮಾನ ಬಿಡಿ. ಮ್ಯಾಟ್ ಕಪ್ಪು ಮೈ ಶಾಖವನ್ನು ಕ್ರೋಮಿಗಿಂತ ಚೆನ್ನಾಗಿ ಹೊರಗೆ ಸೂಸುತ್ತದೆ. ಪೈಪ್ ಸ್ವಲ್ಪ ತಂಪಾಗಿಯೇ ಇರುತ್ತದೆ, ನಿಮ್ಮ ಮೊಣಕಾಲಿಗೆ ಸ್ವಲ್ಪ ಜಾಸ್ತಿ ಬಿಸಿ ತಾಗಬಹುದು. ಇಂಜಿನ್ನಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಬ್ಲಾಸ್ಟಿಂಗ್ ಆದ ದಿನವೇ ಪೇಂಟ್ ಹೊಡೆಯಿರಿ. ಬರಿ ಉಕ್ಕು ನಿಮ್ಮ ಊರಿನ ತೇವದಲ್ಲಿ ರಾತ್ರಿ ಕಳೆದರೆ ಬೆಳಗ್ಗೆ ಕೆಂಪು ಹಿಡಿದಿರುತ್ತದೆ. ನಮ್ಮ ಕೆಲಸದಲ್ಲಿ ಗಾಳಿಯ ತೇವ ಶೇಕಡಾ 85 ದಾಟಿದರೆ ಪೇಂಟ್ ಮುಟ್ಟೋದಿಲ್ಲ. ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಅದೂ ಇಬ್ಬನಿ ಆರಿದ ಮೇಲೆ, ಬಿಸಿಲು ಇರುವಾಗ.

ಬ್ಲಾಸ್ಟಿಂಗ್ ಪುಡಿ ಒಳಗೆ ಉಳಿಯದಂತೆ ಗಾಳಿ ಹೊಡೆಸಿ. ಅಸಿಟೋನ್ ಅಥವಾ ಒಳ್ಳೆಯ ಥಿನ್ನರ್ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಗೆ ಕಪ್ಪು ಹತ್ತೋದು ನಿಲ್ಲುವವರೆಗೆ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಸಾಕು, ಕಾಯಿಸಿದಾಗ ಬೆರಳಚ್ಚಿನ ಆಕಾರದಲ್ಲೇ ಪೇಂಟ್ ಏಳುತ್ತದೆ. ಹೆಡ್ಡಿಗೆ ಕೂರುವ ತುದಿಗೆ, ಸೈಲೆನ್ಸರ್ ಒಳಗೆ ಹೋಗುವ ತುದಿಗೆ ಟೇಪ್ ಸುತ್ತಿ. ಅಲ್ಲಿ ಪೇಂಟ್ ಬೇಡ.

ಪೈಪನ್ನು ತಂತಿಯಲ್ಲಿ ನೇತುಹಾಕಿ. ಮೊದಲ ಕೈ ಮಂಜು ಬಿದ್ದಷ್ಟು ತೆಳು. ಲೋಹ ಕಾಣುತ್ತಿದ್ದರೂ ಪರವಾಗಿಲ್ಲ. ಹತ್ತು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಹತ್ತು ನಿಮಿಷಕ್ಕೆ ಮೂರನೆಯದು. ಅಷ್ಟೇ, ನಿಲ್ಲಿಸಿ. ಎಲ್ಲರೂ ತಪ್ಪೋದು ಇಲ್ಲೇ. ಚೆನ್ನಾಗಿ ಕಾಣಲಿ ಅಂತ ಇನ್ನೂ ಎರಡು ಕೈ ಹೊಡೆಯುತ್ತಾರೆ. ಮನೆ ಗೋಡೆಗೆ ದಪ್ಪ ಒಳ್ಳೆಯದು, ಇಲ್ಲಿ ದಪ್ಪವೇ ಶತ್ರು. ಒಣಗಿದ ಮೇಲೆ ಎಲ್ಲ ಸೇರಿ 50 ಮೈಕ್ರಾನ್ ಒಳಗಿರಬೇಕು. ದಪ್ಪವಾದರೆ ಒಳಗಿನ ಥಿನ್ನರ್ ಆವಿ ಹೊರಬರಲಾಗದೆ ಗುಳ್ಳೆ ಏಳುತ್ತದೆ. ಕಾದು ತಣಿಯುವಾಗ ಪೈಪ್ ಹಿಗ್ಗಿ ಕುಗ್ಗುತ್ತದಲ್ಲ, ದಪ್ಪ ಪದರ ಅದರ ಜೊತೆ ಹಿಗ್ಗದೆ ಬಿರಿಯುತ್ತದೆ.

ಒಂದು ರಾತ್ರಿ ಒಣಗಲಿ. ಆದರೆ ಒಣಗಿದ್ದು ಅಂದರೆ ಗಟ್ಟಿಯಾದದ್ದು ಅಲ್ಲ. ಈಗ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೆ ಪೂರ್ತಿ ಬಂದುಬಿಡುತ್ತದೆ. ಸಿಲಿಕೋನ್ ಗಟ್ಟಿಯಾಗಲು 200 ಡಿಗ್ರಿ ದಾಟಬೇಕು, ಅದೂ ಹಂತಹಂತವಾಗಿ. ಓವನ್ ಇರುವವರು ಮೊದಲು 120 ಡಿಗ್ರಿಯಲ್ಲಿ ಅರ್ಧ ಗಂಟೆ, ತಣಿಸಿ 200ರಲ್ಲಿ ಅರ್ಧ ಗಂಟೆ, ಮತ್ತೆ ತಣಿಸಿ 315ರಲ್ಲಿ ಅರ್ಧ ಗಂಟೆ ಕೊಡುತ್ತಾರೆ. ಅಡುಗೆ ಮನೆಯ ಓವನ್‌ನಲ್ಲಿ ಮಾಡಬೇಡಿ, ಆ ಹೊಗೆ ಊಟಕ್ಕೆ ತಾಗಬಾರದು.

ಓವನ್ ಇಲ್ಲದಿದ್ದರೆ ಗಾಡಿಯ ಇಂಜಿನ್ನೇ ಒಲೆ. ಪೈಪ್ ಜೋಡಿಸಿ 10 ನಿಮಿಷ ಐಡಲ್ (ಗಾಡಿ ನಿಂತಲ್ಲೇ, ಥ್ರಾಟಲ್ ಕೊಡದೆ ಇಂಜಿನ್ ಓಡಿಸೋದು), 20 ನಿಮಿಷ ತಣಿಸಿ. ಮತ್ತೆ 20 ನಿಮಿಷ ಐಡಲ್, 20 ನಿಮಿಷ ತಣಿಸಿ. ಕೊನೆಗೆ ಅರ್ಧ ಗಂಟೆ ನಿಧಾನವಾಗಿ ಓಡಿಸಿ. ಡಬ್ಬಿ ಮೇಲೆ ಬೇರೆ ಲೆಕ್ಕ ಇದ್ದರೆ ಅದನ್ನೇ ಪಾಲಿಸಿ. ಎಲ್ಲ ಬಯಲಲ್ಲೇ ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಹೊಗೆ ಪ್ರಾಣಕ್ಕೇ ಅಪಾಯ.

ಹುಬ್ಬಳ್ಳಿ ಮೇಸ್ತ್ರಿ

ಇದಕ್ಕೆ ಒಂದು ಸೇರಿಸಿಕೊಳ್ಳಿ. ಏರ್ ಕೂಲ್ಡ್ ಇಂಜಿನ್ ನಿಂತಲ್ಲೇ 20 ನಿಮಿಷ ಓಡಿದರೆ ಹೆಡ್ ಕಾಯುತ್ತದೆ. ಒಂದು ಟೇಬಲ್ ಫ್ಯಾನ್ ಇಟ್ಟು ಗಾಳಿ ಸಿಲಿಂಡರಿಗೆ ಬೀಳುವಂತೆ ಮಾಡಿ. ಪೈಪಿಗೆ ಗಾಳಿ ಬೀಳಬಾರದು. ಬಿದ್ದರೆ ಅಲ್ಲಿ ಬೇಕಾದ ಶಾಖವೇ ಬರಲ್ಲ.

ಮಲೆನಾಡು ಬುಲೆಟ್

ಎಲ್ಲ ಹೇಳಿದಂತೆಯೇ ಮಾಡಿದೆ. ಡಿಸೆಂಬರ್‌ನಲ್ಲಿ ಹೊಡೆದದ್ದು, ಈಗ ಮಳೆಗಾಲದ ನಡುವೆ ಬರೆಯುತ್ತಿದ್ದೇನೆ. ಆಗುಂಬೆ ಘಾಟಿ ಇಳಿದು ಹತ್ತಿ ಆಗಿದೆ, ಕಾದ ಪೈಪಿನ ಮೇಲೆ ಹೊಂಡದ ನೀರೂ ಹಾರಿದೆ. ಇಂಜಿನ್ ಪಕ್ಕದ ಆ ಒಂದು ಗೇಣು ಜಾಗದಲ್ಲಿ ಪೇಂಟ್ ಹಾಗೇ ಕಚ್ಚಿಕೊಂಡಿದೆ. ಕಪ್ಪು ಸ್ವಲ್ಪ ಬೂದಿಗೆ ತಿರುಗಿದೆ. ಕೆಳಗಿನ ಬಾಗಿನಲ್ಲಿ, ಮುಂದಿನ ಚಕ್ರದ ಕಲ್ಲು ತಾಗುವ ಕಡೆ, ಅಲ್ಲಲ್ಲಿ ಚುಕ್ಕೆ ಎದ್ದು ತುಕ್ಕು ಕಾಣುತ್ತಿದೆ. ಅಷ್ಟಕ್ಕೇ ಪೂರ್ತಿ ಪೈಪ್ ಬಿಚ್ಚಬೇಕಾ?

ಕುಡ್ಲ ರೈಡರ್

ಬಿಚ್ಚಬೇಡಿ. ಮುಂದಿನ ಮಡ್‌ಗಾರ್ಡಿಗೆ ಒಂದು ರಬ್ಬರ್ ಫ್ಲ್ಯಾಪ್ ಹಾಕಿಸಿ, ಕಲ್ಲು, ಕೆಸರು ಅರ್ಧ ಅಲ್ಲೇ ನಿಲ್ಲುತ್ತದೆ. ಮಳೆಯಲ್ಲಿ ಬಂದ ಮೇಲೆ ಪೈಪ್ ತಣಿದ ನಂತರ ಕೆಸರು ತೊಳೆದುಬಿಡಿ.

ಪೀಣ್ಯ ಕೋಟಿಂಗ್

ಮಳೆ ಬಿಡುವು ಕೊಟ್ಟ ದಿನ ಚುಕ್ಕೆಯ ಸುತ್ತ 120 ಎಮರಿಯಲ್ಲಿ ಬರಿ ಲೋಹ ಕಾಣುವವರೆಗೆ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ. ಸ್ಪ್ರೇಯನ್ನು ಒಂದು ಮುಚ್ಚಳಕ್ಕೆ ಹೊಡೆದುಕೊಂಡು ಸಣ್ಣ ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿ. ಅಲ್ಲಿ ಶಾಖ ಕಡಿಮೆ ಇರೋದರಿಂದ ಐಡಲ್‌ಗೆ ಗಟ್ಟಿಯಾಗದೆ ಉಳಿಯಬಹುದು. ಹೀಟ್ ಗನ್ ಯಾರ ಹತ್ತಿರವಾದರೂ ಇದ್ದರೆ ತಂದು, ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ನಿಧಾನವಾಗಿ ಕಾಯಿಸಿ. ಹೊಗೆ ಬಂದು ನಿಂತ ಮೇಲೆ ತಣಿಯಲು ಬಿಡಿ. ಆಮೇಲೆ ಪೆಟ್ರೋಲ್ ಬಟ್ಟೆಯಲ್ಲಿ ಒಂದು ಮೂಲೆ ಒರೆಸಿ ನೋಡಿ. ಬಣ್ಣ ಬಟ್ಟೆಗೆ ಬರದಿದ್ದರೆ ಗಟ್ಟಿಯಾಗಿದೆ. ಬಂದರೆ ಇನ್ನೊಂದು ಸಲ ಕಾಯಿಸಿ.